ತುಕ್ಕಿಗೂ ಒಂದು ಕಾರಣವಿರಬೇಕು

ನಿವೃತ್ತನಾದ ಮೇಷ್ಟರೊಬ್ಬನ ಮೇಜಿನ ಮೇಲೆ ಏನೇನಿರಬೇಕೆಂದು ಜನ ನಿರೀಕ್ಷಿಸುತ್ತಾರೋ ಅದೆಲ್ಲ ಒಂದು ಕಾಲದಲ್ಲಿ ನನ್ನ ಮೇಜಿನ ಮೇಲೂ ಇತ್ತು. ಕನ್ನಡಕದ ಡಬ್ಬಿ, ರಕ್ತದೊತ್ತಡದ ಮಾತ್ರೆ, ಪಿಂಚಣಿ ಕಾಗದಗಳ ಕಡತ, ಅರ್ಧ ಓದಿ ಮಗುಚಿಟ್ಟ ಒಂದು ಕಾದಂಬರಿ. ಈಗ ಅವನ್ನೆಲ್ಲ ಕಿಟಕಿಯ ಗೂಡಿಗೆ ಸರಿಸಿದ್ದೇನೆ. ಮೇಜನ್ನು ಆಕ್ರಮಿಸಿರುವುದು ಪಂಜಾಬಿನ ಒಂದು ತುಂಡು ಹೊಲ. ನಿಜದ ಅಳತೆಯ ಎಪ್ಪತ್ತೆರಡನೆಯ ಒಂದು ಪಾಲಿಗೆ ಕುಗ್ಗಿಸಿದ ಕಬ್ಬಿನ ಗದ್ದೆ, ಒಡೆದ ಕಾಲುವೆಯ ಏರಿ, ಕೆಸರು, ಆ ಕೆಸರಿನಲ್ಲಿ ಹೂತು ನಿಂತಿರುವ ಅಂಗೈಯಗಲದ ಟ್ಯಾಂಕುಗಳು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ ನಡೆದ ಟ್ಯಾಂಕ್ ಯುದ್ಧವನ್ನು ನಾನೂ ನನ್ನ ಮೊಮ್ಮಗನೂ ಸೇರಿ ಕಟ್ಟುತ್ತಿದ್ದೇವೆ.

ಬೆಳಗಿನ ವಾಕಿಂಗಿನ ಗೆಳೆಯರೊಬ್ಬರು ಮೊನ್ನೆ ಮನೆಗೆ ಬಂದವರು ಇದನ್ನು ನೋಡಿ, "ಏನ್ ಮೇಷ್ಟ್ರೇ, ಈ ವಯಸ್ಸಿನಲ್ಲಿ ಯುದ್ಧದ ಆಟಿಕೆ! ಮೊಮ್ಮಗನಿಗೆ ಇದನ್ನಾ ಕಲಿಸೋದು?" ಎಂದರು. ಅವರ ಮಾತಿನಲ್ಲಿ ಹಾಸ್ಯಕ್ಕಿಂತ ಆಕ್ಷೇಪವೇ ಹೆಚ್ಚಾಗಿತ್ತು. ಅವರಿಗೆ ಅಲ್ಲಿಯೇ ಉತ್ತರ ಕೊಡಲಾಗಲಿಲ್ಲ. ಕಾಫಿ ಕುಡಿಸಿ ಕಳುಹಿಸಿದೆ. ಈ ಬರಹ ಆ ಉತ್ತರ. ಆದರೆ ಇದು ಅವರಿಗೆ ಮಾತ್ರ ಸಲ್ಲತಕ್ಕದ್ದಲ್ಲ, ಇದೇ ಹವ್ಯಾಸದಲ್ಲಿ ಮುಳುಗಿರುವ ಎಷ್ಟೋ ಮಂದಿಗೂ ನನ್ನದೊಂದು ತಕರಾರಿದೆ.

ಈ ಹವ್ಯಾಸ ನನಗೆ ಅಂಟಿದ್ದು 2020ರಲ್ಲಿ. ನಾನು ಸೇವೆಯಿಂದ ನಿವೃತ್ತನಾದ ವರ್ಷವೂ ಅದೇ, ಲಾಕ್‌ಡೌನಿನ ವರ್ಷವೂ ಅದೇ. ಬೆಂಗಳೂರಿನಿಂದ ಬಂದು ನಮ್ಮಲ್ಲೇ ಉಳಿದುಬಿಟ್ಟ ಒಂಬತ್ತು ವರ್ಷದ ಮೊಮ್ಮಗ ತನ್ನ ಜೊತೆಗೆ ಪ್ಲಾಸ್ಟಿಕ್ ಟ್ಯಾಂಕಿನ ಒಂದು ಕಿಟ್ ತಂದಿದ್ದ. ಚೌಕಟ್ಟಿಗೆ ಅಂಟಿಕೊಂಡಿರುವ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ನಿಲ್ಲಿಸುವ ಕೆಲಸ. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ನಾನು ಸಹಾಯಕ್ಕೆ ಕುಳಿತೆ. ಎಂಟು ದಿನಗಳಲ್ಲಿ ಟ್ಯಾಂಕು ಸಿದ್ಧವಾಯಿತು. ಹೊಚ್ಚ ಹೊಸದು, ಹಸಿರು, ಮಿರಮಿರ ಮಿಂಚುವಂಥದ್ದು. ಹುಡುಗನಿಗೆ ಬಹಳ ಸಂತೋಷ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಏನೋ ಸುಳ್ಳು ಹೇಳಿದಂತೆ ಅನ್ನಿಸುತ್ತಿತ್ತು. ಕಾರಣ ನನ್ನ ಸೋದರಮಾವ.

ಮಾವ ಸೈನ್ಯದಲ್ಲಿದ್ದರು. ಬಂದೂಕು ಹಿಡಿದವರಲ್ಲ, ಕೆಟ್ಟ ವಾಹನಗಳನ್ನು ರಿಪೇರಿ ಮಾಡುವ ಇ.ಎಂ.ಇ. ವಿಭಾಗದ ಮೆಕ್ಯಾನಿಕ್ಕು. 1965ರ ಯುದ್ಧ ನಿಂತ ಮೇಲೆ, ಕೈಬಿಟ್ಟುಹೋದ ಮತ್ತು ಸುಟ್ಟುಹೋದ ಪ್ಯಾಟನ್ ಟ್ಯಾಂಕುಗಳನ್ನು ಹೊಲಗಳಿಂದ ಎಳೆದು ಭಿಖ್ಖಿವಿಂಡ್ ಬಳಿ ಒಟ್ಟುಹಾಕಿದರಲ್ಲ, ಜನ ಅದನ್ನು 'ಪ್ಯಾಟನ್ ನಗರ' ಎಂದು ಕರೆದರು, ಆ ಎಳೆದಾಟದ ಕೆಲಸದಲ್ಲಿ ಮಾವನೂ ಇದ್ದರು. ನನಗಾಗ ಐದು ವರ್ಷ. ಅವರು ಸೈನ್ಯ ಬಿಟ್ಟು ಬಂದ ಮೇಲೆ, ನಾನು ಹೈಸ್ಕೂಲಿಗೆ ಬಂದ ಮೇಲೆ, ಹಠ ಹಿಡಿದು ಕೇಳಿದಾಗ ಹೇಳುತ್ತಿದ್ದುದು ಒಂದೇ ಸಂಗತಿ. ಟ್ಯಾಂಕಿನ ಚಕ್ರಗಳ ನಡುವೆ ಸಿಕ್ಕಿ ಒಣಗಿ ಕಲ್ಲಾದ ಮಣ್ಣನ್ನು ಹಾರೆಯಿಂದ ಬಿಡಿಸುವುದಕ್ಕೆ ನಾಲ್ಕು ಜನಕ್ಕೆ ಒಂದು ಹಗಲು ಪೂರ್ತಿ ಬೇಕಾಗುತ್ತಿತ್ತು. "ಹಸಿರು ಬಣ್ಣ ಎಲ್ಲಿತ್ತೋ! ನಾವು ನೋಡಿದ್ದೆಲ್ಲ ಬರೀ ಮಣ್ಣು" ಎನ್ನುತ್ತಿದ್ದರು. ವೀರಗಾಥೆಯನ್ನು ನಿರೀಕ್ಷಿಸಿ ಕುಳಿತ ಹುಡುಗನಿಗೆ ಆಗ ನಿರಾಸೆಯಾಗಿತ್ತು.

ಹೊಸ ಮಾದರಿಯನ್ನು ಹಳತಾಗಿ, ಬಳಸಿದ್ದಾಗಿ ಕಾಣಿಸುವ ಈ ಕೆಲಸಕ್ಕೆ ಹವ್ಯಾಸಿಗಳು 'ವೆದರಿಂಗ್' ಎನ್ನುತ್ತಾರೆ. ಬಿಸಿಲು, ಮಳೆ, ಧೂಳು, ಎಣ್ಣೆ, ಬೂಟುಕಾಲು, ಇವು ಒಂದು ವಾಹನದ ಮೇಲೆ ಬರೆದು ಹೋಗುವ ಗುರುತುಗಳನ್ನು ಕುಂಚದಿಂದ ಬರೆಯುವುದು. ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್, ಅಮೆರಿಕದ ಶೆಪರ್ಡ್ ಪೇನ್ ಮೊದಲಾದವರು ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಇದನ್ನೊಂದು ಶಿಸ್ತಾಗಿ ಬೆಳೆಸಿದರು. ಇಂದು ಕೆಸರು, ತುಕ್ಕು, ಹೊಗೆಮಸಿ ಎಲ್ಲವೂ ಪುಟ್ಟ ಪುಟ್ಟ ಶೀಶೆಗಳಲ್ಲಿ ಮಾರಾಟಕ್ಕಿವೆ. (ಒಂದು ಶೀಶೆ ಕೆಸರಿಗೆ ಅವರು ಕೇಳುವ ಬೆಲೆಯನ್ನು ನಮ್ಮ ಊರಿನ ರೈತರಿಗೆ ಹೇಳಿದರೆ ನನ್ನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ಅನುಮಾನಪಟ್ಟಾರು.) ನಾನಂತೂ ಮೂವತ್ತನಾಲ್ಕು ವರ್ಷ ಸೀಮೆಸುಣ್ಣದ ಪುಡಿ ಉಸಿರಾಡಿದವನು. ಬಣ್ಣದ ಸೀಮೆಸುಣ್ಣವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಪುಡಿಮಾಡಿದರೆ ಒಳ್ಳೆಯ ಧೂಳೇ ಸಿಗುತ್ತದೆ. ಹಳೆಯ ಪಂಚೆಯಲ್ಲಿ ಸೋಸಿದ ಮಣ್ಣಿಗೆ ಫೆವಿಕಾಲ್ ಮತ್ತು ನೀರು ಬೆರೆಸಿದರೆ ಕೆಸರು ಸಿಗುತ್ತದೆ.

ಇಲ್ಲಿ ನನ್ನ ತಕರಾರು ಆರಂಭವಾಗುತ್ತದೆ. ಈ ಹವ್ಯಾಸದಲ್ಲಿ ಕೈ ನುರಿತವರ ಕೆಲಸಗಳ ಚಿತ್ರಗಳನ್ನು ಮೊಮ್ಮಗ ತೋರಿಸುತ್ತಾನೆ. ಎಷ್ಟೋ ಟ್ಯಾಂಕುಗಳ ಮೈಯೆಲ್ಲ ಕೇಸರಿ ಬಣ್ಣದ ತುಕ್ಕು. ಮದುವೆಮನೆಯ ರಂಗೋಲಿಯಂತೆ ಸಮವಾಗಿ ಹರಡಿದ ಕಲೆಗಳು. ನೋಡುವುದಕ್ಕೆ ಚೆಂದವೇನೋ ಹೌದು. ಆದರೆ ತುಕ್ಕು ಹಾಗೆ ಹಿಡಿಯುವುದಿಲ್ಲ. ಟ್ಯಾಂಕಿನ ಕವಚ ಎಷ್ಟೋ ಅಂಗುಲ ದಪ್ಪದ ಉಕ್ಕು. ಬಣ್ಣ ಎದ್ದುಹೋದ ಕಡೆ ಅದರ ಮೇಲ್ಮೈ ಕಂದುಗಟ್ಟಬಹುದು, ಆದರೆ ಓಡಾಡಿಕೊಂಡಿರುವ ಗಾಡಿಯ ಕವಚ ಹಳೆಯ ಬಕೆಟ್ಟಿನಂತೆ ಪದರ ಪದರವಾಗಿ ಉದುರುವುದಿಲ್ಲ. ನಿಜವಾಗಿ ತುಕ್ಕು ಹಿಡಿಯುವುದು ತೆಳು ತಗಡಿನ ಮಡ್‌ಗಾರ್ಡಿಗೆ, ಕಾದು ಆರುವ ಹೊಗೆಕೊಳವೆಗೆ. ಟ್ಯಾಂಕು ನಡೆಯುತ್ತಿದ್ದರೆ ಅದರ ಟ್ರ್ಯಾಕಿನ ನೆಲ ತಾಗುವ ಭಾಗ ತುಕ್ಕಾಗುವುದೇ ಇಲ್ಲ, ಉಳುವ ನೇಗಿಲಿನ ಗುಳದಂತೆ ಬೆಳ್ಳಗೆ ಹೊಳೆಯುತ್ತದೆ. ಎರಡು ವಾರ ನಿಂತರೆ ಅದೇ ಟ್ರ್ಯಾಕು ಕಂದಾಗುತ್ತದೆ. ಇನ್ನು ಅಮೆರಿಕದ ಎಂ 113 ಎಂಬ ಸೈನಿಕವಾಹನದ ಮೈ ಅಲ್ಯುಮಿನಿಯಂನದು. ಅದಕ್ಕೂ ಕೆಂಪು ತುಕ್ಕು ಬಳಿದವರ ಚಿತ್ರವನ್ನು ಕಂಡಾಗ, ಉತ್ತರಪತ್ರಿಕೆ ತಿದ್ದುವ ಹಳೆಯ ಚಟದಿಂದ, ಕೆಂಪು ಪೆನ್ನಿಗಾಗಿ ಜೇಬು ತಡಕಿದ್ದೂ ಉಂಟು.

ಯಾವ ಕಲೆಯಾದರೂ ಅಷ್ಟೇ. ಧೂಳು ಮಟ್ಟಸವಾದ ಜಾಗದಲ್ಲಿ ಕೂರುತ್ತದೆ, ಮಳೆ ಅದನ್ನು ಕೆಳಮುಖವಾಗಿ ಗೆರೆ ಗೆರೆಯಾಗಿ ಇಳಿಸುತ್ತದೆ. ಬಣ್ಣ ಸವೆಯುವುದು ಸೈನಿಕರು ಕಾಲಿಟ್ಟು ಹತ್ತುವ ಅಂಚಿನಲ್ಲಿ, ಮುಚ್ಚಳದ ಸುತ್ತ, ಕೈ ಹಿಡಿಯುವ ಕಂಬಿಯಲ್ಲಿ. ಎಣ್ಣೆಕಲೆ ಇರುವುದು ಇಂಧನ ತುಂಬುವ ಬಾಯಿಯ ಹತ್ತಿರ. ಹಸಿ ಕೆಸರು ಕಪ್ಪಗೆ, ಹೊಳಪಾಗಿ ಇರುತ್ತದೆ, ಒಣಗಿದ್ದು ಬಿಳಿಚಿಕೊಳ್ಳುತ್ತದೆ. ಆದುದರಿಂದ ಸ್ಪಂಜಿನ ಚೂರನ್ನು ಕಂದು ಬಣ್ಣಕ್ಕೆ ಅದ್ದಿ ಒತ್ತುವ ಮೊದಲು, ತೆಳ್ಳಗೆ ಮಾಡಿದ ಎಣ್ಣೆಬಣ್ಣವನ್ನು ಸಂದಿಗಳಲ್ಲಿ ಹರಿಯಬಿಡುವ ಮೊದಲು, ಈ ಗಾಡಿ ಎಲ್ಲಿಂದ ಬಂತು, ಎಷ್ಟು ದಿನವಾಯಿತು, ಮಳೆ ಬಂದಿತ್ತೇ, ಯಾರು ಎಲ್ಲಿ ಕಾಲಿಟ್ಟರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಮೊಮ್ಮಗನಿಗೆ ನಾನು ಹಾಕಿಕೊಟ್ಟ ನಿಯಮ ಇಷ್ಟೆ: ಕಾರಣ ಹೇಳಲಾಗದ ಕಲೆಯನ್ನು ಅಳಿಸಬೇಕು. ಅವನು ಆಡುವ ಇನ್ನೊಂದು ಆಟವಿದೆ, ವಾರ್‌ಹ್ಯಾಮರ್ 40,000 ಎಂದು, 1987ರಿಂದ ಇಂಗ್ಲೆಂಡಿನವರು ನಡೆಸಿಕೊಂಡು ಬಂದ ದೂರಭವಿಷ್ಯದ ಕಾಲ್ಪನಿಕ ಯುದ್ಧ. "ತಾತ, ಇದಕ್ಕೆ ನಿಮ್ಮ ರೂಲ್ ಅಪ್ಲೈ ಆಗಲ್ಲ" ಎಂದ. ಯಾಕಾಗುವುದಿಲ್ಲ? ಆ ಲೋಕದಲ್ಲೂ ಮಳೆ ಮೇಲಿನಿಂದಲೇ ತಾನೆ ಬೀಳುವುದು? ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡ.

ಇಷ್ಟು ಉಪದೇಶ ಮಾಡುವ ನನ್ನ ಕೈಯಲ್ಲೇ ದೊಡ್ಡ ತಪ್ಪಾಯಿತು. ಅಸಲ್ ಉತ್ತರ್‌ನ ನೆಲಕ್ಕೆಂದು ನಮ್ಮ ಹಿತ್ತಿಲಿನ ಮಣ್ಣನ್ನೇ ಸೋಸಿ ಹಾಕಿದೆ. ಮಲೆನಾಡಿನ ಅಂಚಿನ ಕೆಮ್ಮಣ್ಣು! ಪಂಜಾಬಿನದು ನದಿಗಳು ತಂದು ಹರಡಿದ ಮೆಕ್ಕಲು ಮಣ್ಣು, ಬೂದುಗಂದು ಬಣ್ಣದ್ದು. ಹತ್ತನೆಯ ತರಗತಿಯ ಪಾಠದಲ್ಲಿ ಭಾರತದ ಮಣ್ಣಿನ ವಿಧಗಳನ್ನು ವರ್ಷ ವರ್ಷವೂ ಬಾಯಿಪಾಠ ಮಾಡಿಸಿದವನಿಗೆ ಕೈಯಲ್ಲಿ ಹಿಡಿದಾಗ ಅದು ನೆನಪಾಗಲಿಲ್ಲ. ಎಲ್ಲ ಕೆರೆದು ತೆಗೆದು ಮತ್ತೆ ಹಾಕಿದ್ದಾಯಿತು. ಅದಕ್ಕೂ ಮುಂಚೆ ಥರ್ಮೋಕೋಲಿನಲ್ಲಿ ಕೊರೆದ ದಿಬ್ಬದ ಮೇಲೆ ನೇರವಾಗಿ ಸ್ಪ್ರೇ ಬಣ್ಣ ಹೊಡೆದು, ಅದರ ದ್ರಾವಕಕ್ಕೆ ದಿಬ್ಬವೆಲ್ಲ ಕರಗಿ ಹುಣ್ಣು ಹುಣ್ಣಾಗಿ ಕುಸಿದದ್ದೂ ನನ್ನದೇ ಸಾಧನೆ. ಮೊದಲು ಫೆವಿಕಾಲ್ ಬೆರೆಸಿದ ನೀರುಬಣ್ಣವನ್ನು ದಪ್ಪವಾಗಿ ಬಳಿದು ಒಣಗಿಸಬೇಕು, ಈಗ ಗೊತ್ತಾಗಿದೆ.

ನೆಲವನ್ನು ಕಟ್ಟುವುದರಲ್ಲಿ ನನಗೆ ಟ್ಯಾಂಕಿಗಿಂತಲೂ ಹೆಚ್ಚು ಆಸಕ್ತಿ ಹುಟ್ಟಿದೆ. ಈ ಆಟದ ಪೂರ್ವಜರಲ್ಲೊಬ್ಬನಾದ ಪ್ರಷ್ಯಾದ ಫಾನ್ ರೈಸ್ವಿಟ್ಸ್ 1812ರಲ್ಲಿ ತನ್ನ ದೊರೆಗೆ ಒಪ್ಪಿಸಿದ್ದು ಒಂದು ಮೇಜನ್ನು. ಬೆಟ್ಟ, ಹೊಳೆ, ರಸ್ತೆಗಳನ್ನು ಮೂಡಿಸಿದ ಬಿಲ್ಲೆಗಳನ್ನು ಜೋಡಿಸಿ ಯಾವ ನೆಲವನ್ನಾದರೂ ಅದರ ಮೇಲೆ ರಚಿಸಬಹುದಾಗಿತ್ತು. ಯುದ್ಧ ನಡೆಯುವುದು ಸೈನ್ಯಗಳ ನಡುವೆ ಮಾತ್ರವಲ್ಲ, ನೆಲದೊಡನೆಯೂ ಎಂಬುದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ, ಕಬ್ಬು ನೆಡುವಾಗ.

ಸೆಪ್ಟೆಂಬರಿನಲ್ಲಿ ಕಬ್ಬು ಆಳಿಗಿಂತ ಎತ್ತರ ಬೆಳೆದಿರುತ್ತದೆ. ನಮ್ಮ ಅಳತೆಯಲ್ಲಿ ಅದು ಸುಮಾರು 3 ಸೆಂಟಿಮೀಟರು. ಕಾಲೊರೆಸುವ ತೆಂಗಿನನಾರಿನ ಚಾಪೆಯೊಂದನ್ನು ಬಿಚ್ಚಿ, ನಾರನ್ನು ಹಸಿರು ನೀರಿನಲ್ಲಿ ಅದ್ದಿ, ಒಣಗಿಸಿ, ಕತ್ತರಿಸಿ, ಐದೈದು ಎಳೆಯ ಗಂಟು ಕಟ್ಟಿ ನೆಡುತ್ತಾ ಹೋದೆ. (ಚಾಪೆ ಬಾಗಿಲಿನಿಂದ ಮಾಯವಾದುದನ್ನು ಮನೆಯವರು ಎರಡನೆಯ ದಿನವೇ ಕಂಡುಹಿಡಿದರು.) ನಡುವೆ ಸೆಂಚೂರಿಯನ್ ಟ್ಯಾಂಕನ್ನಿಟ್ಟೆ. ಅದರ ಎತ್ತರ 4 ಸೆಂಟಿಮೀಟರು. ತಿರುಗುಗೋಪುರದ ನೆತ್ತಿ ಮಾತ್ರ ಕಬ್ಬಿನ ಮೇಲೆ ಕಂಡಿತು. ಆಮೇಲೆ ಜೀಪನ್ನಿಟ್ಟೆ. ಏನೂ ಕಾಣಲಿಲ್ಲ.

ನಾನು ಆ ಜೀಪನ್ನೇ ನೋಡುತ್ತಾ ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಗ್ರೆನೇಡಿಯರ್ಸ್ ದಳದ 4ನೆಯ ಬಟಾಲಿಯನ್ನಿನ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು, ಕಡೆಗೆ ತಾವೂ ಮಡಿದು, ಮರಣೋತ್ತರ ಪರಮವೀರ ಚಕ್ರ ಪಡೆದುದನ್ನು ನಾನು ಎಷ್ಟೋ ಸಲ ಪಾಠದಲ್ಲಿ ಹೇಳಿದ್ದೇನೆ. 'ಅಪ್ರತಿಮ ಶೌರ್ಯ' ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದಿದ್ದೇನೆ. ಆದರೆ ಆ ಜೀಪಿಗೆ ಕವಚವಿಲ್ಲ, ಇದ್ದ ಒಂದೇ ಕವಚ ಕಬ್ಬಿನ ಸೋಗೆ, ಗುಂಡು ಹಾರಿದ ಕೂಡಲೇ ಹಿಂದಿನಿಂದ ಏಳುವ ಧೂಳುಹೊಗೆಯಿಂದ ಆ ಕವಚವೂ ಬಯಲಾಗುತ್ತದೆ, ಕೂಡಲೇ ಜಾಗ ಬದಲಿಸಬೇಕು, ಬದಲಿಸಿ ಮತ್ತೆ ಹೊಡೆಯಬೇಕು ಎಂಬುದನ್ನು ನಾನು ಒಂದು ತರಗತಿಗೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಹಾಗೆಯೇ, ಕಾಲುವೆಯ ಏರಿ ಒಡೆದು ಹೊಲಗಳಿಗೆ ನೀರು ನುಗ್ಗಿಸಿದರೆಂದು ಪುಸ್ತಕದಲ್ಲಿರುವುದನ್ನು ಓದಿ ಹೇಳುತ್ತಿದ್ದೆ. ನಲವತ್ತು ಟನ್ನು ಮೀರಿದ ಒಂದು ಯಂತ್ರ ನೆನೆದ ಮೆಕ್ಕಲಿನ ಮೇಲೆ ಏನಾಗುತ್ತದೆ ಎಂಬುದು, ಹೊಟ್ಟೆಯವರೆಗೆ ಹೂತ ಪ್ಯಾಟನ್ನಿಗೆ ಕೆಸರು ಮೆತ್ತುವಾಗ ಅರ್ಥವಾಯಿತು. ಮಾವನ ಹಾರೆಯ ಕಥೆಯೂ ಆಗಲೇ ಅರ್ಥವಾದದ್ದು.

ಹಾಗೆಂದು ಈ ಮೇಜು ಸತ್ಯವನ್ನೆಲ್ಲ ಹೇಳುತ್ತದೆ ಎಂದು ನಾನು ವಾದಿಸುವುದಿಲ್ಲ. ನಮ್ಮ ನಾಲ್ಕಡಿ ಉದ್ದದ ಮೇಜು ನಿಜದ ಅಳತೆಯಲ್ಲಿ 88 ಮೀಟರು ಮಾತ್ರ. ಅಷ್ಟರಲ್ಲಿ ಎರಡು ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಿಂದ ದೂರ ಅಳೆದು ಗೆದ್ದೆವು ಸೋತೆವು ಎನ್ನುವುದು ಆಟವೇ ಹೊರತು ಇತಿಹಾಸವಲ್ಲ. ಸೋತ ಟ್ಯಾಂಕನ್ನು ಎತ್ತಿ ಡಬ್ಬಿಗೆ ಹಾಕಿದರೆ ಮುಗಿಯಿತು. ಮುಂದಿನ ಭಾನುವಾರ ಅದು ಮತ್ತೆ ಬರುತ್ತದೆ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಆಟಿಕೆ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಕೊಟ್ಟ. ಈ ಪುಟ್ಟ ಯುದ್ಧವನ್ನು ನಾಲ್ಕು ಸಲ ಆಡಿದರೆ ನಿಜವಾದ ಯುದ್ಧ ಎಂಥ ಎಡವಟ್ಟಿನ ವ್ಯವಹಾರವೆಂದು ತಿಳಿಯುತ್ತದೆ ಎಂಬುದು ಅವನ ನಂಬಿಕೆಯಾಗಿತ್ತು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆದುದರಿಂದ ಆಟ ಮನುಷ್ಯನನ್ನು ತಿದ್ದುತ್ತದೆ ಎಂದು ನನ್ನ ವಾಕಿಂಗ್ ಗೆಳೆಯರಿಗೆ ಆಣೆಯಿಟ್ಟು ಹೇಳಲಾರೆ. ಆದರೆ ಕೆಡಿಸುವುದು ಟ್ಯಾಂಕಿನ ಬೊಂಬೆಯಲ್ಲ, ಮಣ್ಣಿಲ್ಲದ ಟ್ಯಾಂಕಿನ ಬೊಂಬೆ ಎಂದು ಮಾತ್ರ ಹೇಳಬಲ್ಲೆ. ಮಿಂಚುವ ಟ್ಯಾಂಕು, ಉಬ್ಬಿದ ಎದೆಯ ಭಾಷಣ, ಅಡಿಗೆರೆ ಎಳೆದ 'ಶೌರ್ಯ', ಇವು ಮೂರೂ ಒಂದೇ ಜಾತಿಯವು. ಮೂರನೆಯದನ್ನು ನಾನೇ ವರ್ಷಗಟ್ಟಲೆ ಮಾರಿದ್ದೇನೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಿಬಿಡಬೇಕು. ನಾನು ಕೆಲಸಕ್ಕೆ ಸೇರಿದ ಮರುವರ್ಷ, 1987ರಲ್ಲಿ, ಎರಡನೆಯ ಮಹಾಯುದ್ಧದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠ ಕೇಳದೆ ಮೇಜಿನ ಕೆಳಗೆ ಏನನ್ನೋ ಹಿಡಿದು ಆಡುತ್ತಿದ್ದ. ಕಿತ್ತುಕೊಂಡೆ. ಜೇಡಿಮಣ್ಣಿನ ಟ್ಯಾಂಕು. ಬೆಂಕಿಕಡ್ಡಿಯ ತೋಪು, ಸೋಡಾ ಬಾಟಲಿಯ ಮುಚ್ಚಳಗಳ ಚಕ್ರ. ಇಡೀ ತರಗತಿ ನಗುವಂತೆ ಏನೋ ಹೇಳಿ ಅದನ್ನು ಕಿಟಕಿಯಾಚೆ ಎಸೆದೆ. ಬಿ.ಎಡ್. ಓದಿ ಬಂದವನು, 'ಮಾಡಿ ಕಲಿ' ಎಂಬ ತತ್ವದ ಮೇಲೆ ಎಂಟು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದವನು. ಆ ಹುಡುಗನ ತಂದೆ ಟ್ರ್ಯಾಕ್ಟರ್ ಚಾಲಕ. ಎಸೆಯುವ ಆ ಒಂದು ಕ್ಷಣದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಈಗಲೂ ಇದೆ. ಟ್ಯಾಂಕಿನ ಮೇಲರ್ಧ ನುಣುಪಾಗಿತ್ತು. ಕೆಳಗಿನರ್ಧಕ್ಕೆ, ಚಕ್ರಗಳಿಗೆ, ಹಿಂಭಾಗಕ್ಕೆ ಮಾತ್ರ ಅವನು ಮರಳು ಬೆರೆತ ಬೇರೆ ಮಣ್ಣನ್ನು ಚಿಮ್ಮಿಸಿದ್ದ. ಗದ್ದೆಯಿಂದ ಬಂದ ಟ್ರ್ಯಾಕ್ಟರನ್ನು ದಿನವೂ ನೋಡಿದ್ದವನ ಕಣ್ಣು ಅದು. ನಾನು ಇಂದು ಮೊಮ್ಮಗನಿಗೆ ಹೇಳಿಕೊಡುತ್ತಿರುವುದನ್ನು ಅವನು ನನಗೆ ಆಗಲೇ ಹೇಳಿಕೊಟ್ಟಿದ್ದ. ಎಸ್.ಎಸ್.ಎಲ್.ಸಿ. ಆದ ಮೇಲೆ ಅವನು ಮತ್ತೆ ಕಣ್ಣಿಗೆ ಬಿದ್ದಿಲ್ಲ.

ಈಗ ಮೇಜಿನ ಎಡಮೂಲೆಯ ವಿಚಾರ. ಅಲ್ಲಿ ಸುಟ್ಟುಹೋದ ಒಂದು ಪ್ಯಾಟನ್ ಇಡಬೇಕೆಂದು ಮೊಮ್ಮಗನ ಆಸೆ. ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕುಗಳು ನೂರರ ಹತ್ತಿರ ಎಂದು ನಮ್ಮ ಕಡೆಯ ಲೆಕ್ಕ. ಒಂದಾದರೂ ಸುಟ್ಟದ್ದು ಇಲ್ಲದಿದ್ದರೆ ಹೇಗೆ ಎಂಬುದು ಅವನ ವಾದ. ಸರಿಯಾದ ವಾದವೇ. ಸುಟ್ಟ ಟ್ಯಾಂಕಿಗೆ ಮಾತ್ರ ಆ ಕೇಸರಿ ತುಕ್ಕು ಸಲ್ಲುತ್ತದೆ. ಬಣ್ಣವೆಲ್ಲ ಉರಿದುಹೋದ ಬರಿಯ ಉಕ್ಕು ಕೆಲವೇ ದಿನಗಳಲ್ಲಿ ಹಾಗಾಗುತ್ತದೆ. ಚಕ್ರಗಳ ರಬ್ಬರು ಉರಿದು ಬಿಳಿಬೂದಿಯಾಗಿರುತ್ತದೆ. ಪ್ಯಾಟನ್ನಿನ ಮೈಯನ್ನು ಎತ್ತಿ ಹಿಡಿಯುವ ಉಕ್ಕಿನ ತಿರುಚುಸರಳುಗಳು ಬೆಂಕಿಗೆ ಹದಗೆಟ್ಟು, ಟ್ಯಾಂಕು ಕುಸಿದು ಕೂತಿರುತ್ತದೆ. ಇಷ್ಟನ್ನೂ ಅವನು ತಾನೇ ಓದಿ ತಿಳಿದುಕೊಂಡು ಬಹಳ ಚೆನ್ನಾಗಿ ಮಾಡಿದ. ನನ್ನ ನಿಯಮದ ಪ್ರಕಾರ ಪ್ರತಿಯೊಂದು ಕಲೆಗೂ ಕಾರಣ ಹೇಳಿದ. ಮುಗಿದ ಮೇಲೆ "ಸೂಪರ್ ಆಗಿದೆ ಅಲ್ವಾ ತಾತ?" ಎಂದ.

ಸೂಪರಾಗಿಯೇ ಇತ್ತು. ಅದೇ ನನಗೆ ಕಷ್ಟವಾದದ್ದು. ಮಾವ ಒಂದೇ ಒಂದು ಸಲ, ಹಾರೆಯ ಕಥೆಯ ಆಚೆಗೆ, ಇನ್ನೊಂದು ಮಾತು ಹೇಳಿದ್ದರು. "ಸುಟ್ಟ ಒಂದು ಗಾಡಿಯೊಳಕ್ಕೆ ನಾನು ಇಳಿಯಲಿಲ್ಲ ಕಣೋ. ನಮ್ಮ ಜೊತೆಯವನೊಬ್ಬ ಇಳಿದ. ಎರಡು ದಿನ ಅವನು ಊಟ ಮಾಡಲಿಲ್ಲ." ಅಷ್ಟೇ. ಅದನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಹೇಳಬೇಕೇ ಬೇಡವೇ ಎಂದು ಒಂದು ವಾರ ತೂಗಿದೆ. ನನಗೆ ಅದನ್ನು ಹೇಳಿದಾಗ ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ಹೇಳಿದೆ. ಹುಡುಗ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಒಳಗೆ ಎಷ್ಟು ಜನ ಇರ್ತಿದ್ರು?" ಎಂದು ಕೇಳಿದ. ಎಂ 48 ಮಾದರಿಯಾದರೆ ನಾಲ್ಕು ಎಂದೆ. "ಮುಚ್ಚಳ ತೆಗೆದಿಡೋಣವಾ, ಮುಚ್ಚಿರಲಾ?" ಎಂದ.

ಅಂಟು ಇನ್ನೂ ಹಾಕಿಲ್ಲ. ತೆರೆದಿದ್ದರೆ ಒಬ್ಬಿಬ್ಬರಾದರೂ ಹೊರಕ್ಕೆ ಹಾರಿಕೊಂಡರೆಂದು ಅರ್ಥ, ಮುಚ್ಚಿದ್ದರೆ ಇಲ್ಲವೆಂದು. ಅವನು ದಿನಕ್ಕೊಮ್ಮೆ ಬಂದು ಆ ನಾಲ್ಕು ಮಿಲಿಮೀಟರಿನ ತಗಡನ್ನು ತೆರೆದು ನೋಡುತ್ತಾನೆ, ಮುಚ್ಚಿ ನೋಡುತ್ತಾನೆ. ನಾನು ನನ್ನ ಪಾಡಿಗೆ ಕಬ್ಬು ನೆಡುತ್ತಿದ್ದೇನೆ. ನಾಲ್ಕುನೂರು ಗಂಟುಗಳಾಗಿವೆ, ಕಾಲುವೆಯ ಆಚೆ ದಡದ ಗದ್ದೆಗೆ ಇನ್ನೂ ಅಷ್ಟೇ ಬೇಕು. ಹೊಸ ಚಾಪೆಯನ್ನು ಮುಟ್ಟಕೂಡದೆಂದು ಆಜ್ಞೆಯಾಗಿದೆ.